ಜಪಾನ್ ಪ್ರವಾಸ ಮತ್ತು ಒಂದು ಹಳೆಯ ಪೊರಕೆ

ನನ್ನಿಂದ ಸಮಾಜ ಪಾಠ ಹೇಳಿಸಿಕೊಂಡವರಿಗೆ ನೆನಪಿರಬಹುದು. ಏಷ್ಯಾ ಖಂಡದ ಭೂಪಟವನ್ನು ಗೋಡೆಯ ಮೊಳೆಗೆ ನೇತುಹಾಕಿ, ಬಲಗಡೆಯ ಅಂಚಿನಲ್ಲಿ ಸಮುದ್ರದ ಮೇಲೆ ಚೆಲ್ಲಿದಂತಿರುವ ನಾಲ್ಕು ದ್ವೀಪಗಳ ಮೇಲೆ ಕೋಲಿನ ತುದಿಯಿಟ್ಟು, "ಹೊಕ್ಕೈಡೊ, ಹೊನ್ಶು, ಶಿಕೊಕು, ಕ್ಯುಶು" ಎಂದು ರಾಗವಾಗಿ ಹೇಳಿಸುತ್ತಿದ್ದೆ. ಒಸಾಕಾ ಜಪಾನಿನ ಮ್ಯಾಂಚೆಸ್ಟರ್ ಎನ್ನುತ್ತಿದ್ದೆ. ನಮ್ಮ ವಿಶ್ವೇಶ್ವರಯ್ಯನವರು 1898ರಲ್ಲಿಯೇ ಹಡಗು ಹತ್ತಿ ಆ ದೇಶವನ್ನು ಕಂಡು ಬಂದರೆಂದೂ, ಶಿಸ್ತು ಮತ್ತು ದುಡಿಮೆ ಎಂಬ ಎರಡು ಗುಣಗಳಿಂದಲೇ ಆ ಸಣ್ಣ ನಾಡು ದೊಡ್ಡದಾಯಿತೆಂದೂ ಉಪದೇಶ ಮಾಡುತ್ತಿದ್ದೆ. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸಾರ್, ನೀವು ಜಪಾನ್ ನೋಡಿದೀರಾ?" ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು. "ಭೂಪಟದಲ್ಲಿ ನೋಡಿದ್ದೇನೆ, ಕೂತ್ಕೋ" ಎಂದು ನಾನೂ ನಕ್ಕೆ.

ಆ ಪ್ರಶ್ನೆಗೆ ಸರಿಯಾದ ಉತ್ತರ ಕೊಡುವ ಯೋಗ ನಿವೃತ್ತನಾದ ಮೇಲೆ ಒದಗಿತು. ಟೋಕಿಯೋದಲ್ಲಿ ಒಂಬತ್ತು ವರ್ಷಗಳಿಂದ ಉದ್ಯೋಗದಲ್ಲಿರುವ ಮಗ, "ಅಪ್ಪ, ಮಂಡಿನೋವು ಜಾಸ್ತಿಯಾಗೋಕೆ ಮುಂಚೆ ಅಮ್ಮನನ್ನ ಕರ್ಕೊಂಡು ಬನ್ನಿ" ಎಂದು ವರ್ಷಗಟ್ಟಲೆ ಒತ್ತಾಯಿಸುತ್ತಿದ್ದ. 2024ರ ನವೆಂಬರಿನಲ್ಲಿ ನಾನೂ ನಮ್ಮ ಮನೆಯವರೂ ಹದಿನೆಂಟು ದಿನಗಳ ಮಟ್ಟಿಗೆ ಹೊರಟೆವು. ಬೆಂಗಳೂರಿನಿಂದ ನರಿತಾಕ್ಕೆ ನೇರ ವಿಮಾನ. ಪೆಟ್ಟಿಗೆಯ ಅರ್ಧದಷ್ಟು ಚಟ್ನಿಪುಡಿ, ಹುರಿಹಿಟ್ಟು, ಗೊಜ್ಜವಲಕ್ಕಿ. ಇಳಿದ ಮೇಲೆ ಕೈಗಡಿಯಾರವನ್ನು ಮೂರೂವರೆ ಗಂಟೆ ಮುಂದಕ್ಕೆ ತಿರುಗಿಸಿದಾಗ, ಮೂವತ್ತೈದು ವರ್ಷ ಪಾಠ ಹೇಳಿದ ರೇಖಾಂಶದ ಲೆಕ್ಕ ಮೊದಲ ಬಾರಿಗೆ ನನ್ನ ಮಣಿಕಟ್ಟಿಗೆ ತಾಗಿತು.

ಮಗನ ಮನೆ ಇರುವುದು ನಿಶಿಕಸಾಯ್ ಎಂಬಲ್ಲಿ. ಟೋಕಿಯೋ ಮಹಾನಗರದ ಪೂರ್ವಕ್ಕೆ, ಎದೋಗಾವಾ ವಾರ್ಡಿನಲ್ಲಿದೆ. 2000ದ ಆಸುಪಾಸಿನಿಂದ ಭಾರತದ ಕಂಪ್ಯೂಟರ್ ಎಂಜಿನಿಯರುಗಳು ಅಲ್ಲಿ ನೆಲೆಸತೊಡಗಿದರಂತೆ. ಸಂಜೆ ಉದ್ಯಾನದಲ್ಲಿ ಹಿಂದಿ, ತಮಿಳು, ತೆಲುಗು ಕಿವಿಗೆ ಬೀಳುತ್ತವೆ. ಎರಡನೆಯ ದಿನವೇ, "ಏ ಪುಟ್ಟಾ, ಬಿದ್ದೀಯಾ!" ಎಂಬ ಅಪ್ಪಟ ಕನ್ನಡದ ಕೂಗು ಕೇಳಿ ನಮ್ಮ ಮನೆಯವರು ಆ ತಾಯಿಯ ಊರು, ಮನೆತನ ಎಲ್ಲ ವಿಚಾರಿಸಿಕೊಂಡೇ ಬಂದರು.

ನಗರದೊಳಗಿನ ಓಡಾಟಕ್ಕೆಲ್ಲ ರೈಲು. ಬೆಳಗಿನ ಹೊತ್ತು ಡಬ್ಬಿಯೊಳಗೆ ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ, ಆದರೆ ಸದ್ದಿಲ್ಲ. ಯಾರೂ ಫೋನಿನಲ್ಲಿ ಮಾತಾಡುವುದಿಲ್ಲ, ಯಾರ ಫೋನೂ ಹಾಡುವುದಿಲ್ಲ. ನಮ್ಮ ಮನೆಯವರು ಮೊದಲ ದಿನ ನನ್ನ ಕಿವಿಯ ಹತ್ತಿರ ಬಾಗಿ, "ಏನ್ರೀ, ಯಾರಾದ್ರೂ ಹೋಗ್ಬಿಟ್ಟಿದಾರಾ? ಎಲ್ಲಾ ಹೀಗೆ ಕೂತಿದಾರಲ್ಲ!" ಎಂದರು. ಆ ಮೌನದಲ್ಲಿ ಶಿಸ್ತು ಎಷ್ಟಿತ್ತೋ ಆಯಾಸವೂ ಅಷ್ಟೇ ಇತ್ತೆಂಬುದು ನಮಗೆ ತಿಳಿದದ್ದು ರಾತ್ರಿ ಹತ್ತು ಗಂಟೆಯ ಗಾಡಿಗಳಲ್ಲಿ. ಕಪ್ಪು ಕೋಟಿನ ಗಂಡಸರು, ಹೆಂಗಸರು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ತಲೆ ತೂಗಾಡಿಸುತ್ತ ನಿದ್ರೆಹೋಗಿರುತ್ತಿದ್ದರು. ನನ್ನ ಮಗನೂ ವಾರದಲ್ಲಿ ಎರಡು ಮೂರು ದಿನ ಅದೇ ಹೊತ್ತಿಗೆ ಮನೆ ಸೇರುತ್ತಿದ್ದ. ದುಡಿಮೆಯ ಬಗ್ಗೆ ಉಪದೇಶ ಮಾಡುವಾಗ ಈ ನಿದ್ರೆಯನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಮೊದಲು ನೋಡಿದ್ದು ಅಸಾಕುಸಾದ ಸೆನ್ಸೋಜಿ ದೇವಾಲಯ. ದೊಡ್ಡ ಕೆಂಪು ಲಾಂದ್ರ ತೂಗುವ ಹೆಬ್ಬಾಗಿಲು, ಅದರಾಚೆ ಸಾಲು ಅಂಗಡಿಗಳ ಬೀದಿ, ಕೊನೆಯಲ್ಲಿ ಗುಡಿ. ಥೇಟ್ ನಮ್ಮ ರಥಬೀದಿಯ ಹಾಗೆ. ಒಳಗಿರುವ ಕನ್ನೋನ್ ನಮ್ಮ ಅವಲೋಕಿತೇಶ್ವರನೇ. 628ರಲ್ಲಿ ಸುಮಿದಾ ನದಿಯಲ್ಲಿ ಮೀನು ಹಿಡಿಯುತ್ತಿದ್ದ ಅಣ್ಣತಮ್ಮಂದಿರ ಬಲೆಗೆ ಆ ಮೂರ್ತಿ ಸಿಕ್ಕಿತೆಂದು ಐತಿಹ್ಯ. 1945ರ ಮಾರ್ಚಿನ ಬಾಂಬು ದಾಳಿಯಲ್ಲಿ ಸುಟ್ಟುಹೋದ ಮುಖ್ಯ ಗುಡಿಯನ್ನು ಮತ್ತೆ ಕಟ್ಟಿ ಮುಗಿಸಿದ್ದು 1958ರಲ್ಲಿ, ನಾನು ಹುಟ್ಟಿದ ವರ್ಷ. ಅಷ್ಟು ಪುರಾತನವಾಗಿ ಕಂಡ ಗುಡಿ ನನ್ನ ಓರಗೆಯದು ಎಂದು ತಿಳಿದು ನಗು ಬಂದಿತು.

ಅಲ್ಲಿ ನಮ್ಮ ಮನೆಯವರು ಒಂದು ಬಾಳೆಹಣ್ಣು ತಿಂದರು. ಸಿಪ್ಪೆ ಹಾಕಲು ಕಸದ ಬುಟ್ಟಿ ಎಲ್ಲಿಯೂ ಇಲ್ಲ. 1995ರ ಮಾರ್ಚ್ 20ರಂದು ಟೋಕಿಯೋದ ಸುರಂಗ ರೈಲುಗಳಲ್ಲಿ ಒಂದು ಪಂಥದವರು ಸರಿನ್ ಎಂಬ ವಿಷಾನಿಲ ಬಿಟ್ಟ ಮೇಲೆ, ಸಾರ್ವಜನಿಕ ಸ್ಥಳಗಳ ಬಹಳಷ್ಟು ಬುಟ್ಟಿಗಳನ್ನು ತೆಗೆದುಹಾಕಿದರಂತೆ. ಬುಟ್ಟಿ ಹೋಯಿತು, ಕಸ ಬೀದಿಗೆ ಬರಲಿಲ್ಲ. ಅವರವರ ಕಸ ಅವರವರ ಚೀಲದಲ್ಲಿ ಮನೆಗೆ ಹೋಗುತ್ತದೆ. ನಮ್ಮ ಬಾಳೆಹಣ್ಣಿನ ಸಿಪ್ಪೆಯೂ ಪ್ಲಾಸ್ಟಿಕ್ ಕವರಿನೊಳಗೆ ಸುಮಿದಾ ನದಿ, ಉಎನೋ ಉದ್ಯಾನ ಎಲ್ಲವನ್ನೂ ಸುತ್ತಿ ರಾತ್ರಿ ಮನೆ ಸೇರಿತು. ಅಲ್ಲಿಯೂ ಅದಕ್ಕೆ ಸುಲಭದ ಮುಕ್ತಿಯಿಲ್ಲ. ಸುಡುವ ಕಸಕ್ಕೊಂದು ವಾರ, ಸುಡದ ಕಸಕ್ಕೊಂದು ವಾರ, ಬಾಟಲಿ ಡಬ್ಬಿಗಳಿಗೆ ಮತ್ತೊಂದು. "ಮಾವ, ಇದು ಸುಡೋ ಕಸ, ನಾಳೆ ಬೆಳಿಗ್ಗೆ" ಎಂದು ಸೊಸೆ ನನಗೆ ಪಾಠ ಹೇಳಿದಳು.

ಒಂದು ದಿನ ಉತ್ತರದ ನಿಕ್ಕೋ ಎಂಬ ಊರಿಗೆ ಹೊರಟೆವು. ಟೋಕಿಯೋ ನಿಲ್ದಾಣದಲ್ಲಿ ನಮ್ಮ ಶಿಂಕಾನ್ಸೆನ್ ಗಾಡಿ ಬಂದು ನಿಂತಾಗ, ಸಮವಸ್ತ್ರ ಧರಿಸಿದ ಹೆಂಗಸರು ಗಂಡಸರು ಪ್ರತಿ ಬಾಗಿಲಿನ ಮುಂದೆ ಚೀಲ ಬಿಡಿಸಿಕೊಂಡು, ಇಳಿಯುವವರಿಗೆ ತಲೆಬಾಗಿ ವಂದಿಸುತ್ತ ನಿಂತಿದ್ದರು. ಬಳಿಕ ಒಳಗೆ ಹೋದರು. ಸೀಟು ತಿರುಗಿಸಿದರು, ಒರೆಸಿದರು, ಗುಡಿಸಿದರು, ತಲೆದಿಂಬಿನ ಬಟ್ಟೆ ನೋಡಿದರು, ಏಳು ನಿಮಿಷ. ಗಾಡಿ ನಿಲ್ಲುವ ಹನ್ನೆರಡು ನಿಮಿಷಗಳಲ್ಲಿ ಇಳಿಯಲು, ಹತ್ತಲು ಐದು ಕಳೆದರೆ ಅವರಿಗೆ ಉಳಿಯುವುದು ಅಷ್ಟೇ. ಮುಗಿಸಿ ಹೊರಬಂದು ಸಾಲಾಗಿ ನಿಂತು, ಹತ್ತಲು ಕಾದಿದ್ದ ನಮಗೆ ಮತ್ತೊಮ್ಮೆ ವಂದಿಸಿದರು. ಹಲವರು ನನ್ನ ವಯಸ್ಸಿನವರೇ. ನಾನೂ ಕೈಮುಗಿದೆ. ಪೊರಕೆ ಹಿಡಿದವರ ಮುಂದೆ ಕೈಮುಗಿದದ್ದು ಜೀವಮಾನದಲ್ಲಿ ಅದೇ ಮೊದಲು ಎಂಬುದು ಗಾಡಿ ಹೊರಟ ಮೇಲೆ ಹೊಳೆಯಿತು. ಕಿಟಕಿಯಾಚೆ ನೋಡುತ್ತ ಸುಮ್ಮನಾದೆ.

ನಿಕ್ಕೋದಲ್ಲಿರುವುದು ತೊಕುಗಾವಾ ಇಯೆಯಾಸು ಎಂಬ ಶೋಗುನನ ಸ್ಮಾರಕವಾದ ತೋಶೋಗು ದೇವಾಲಯ. ಈಗಿರುವ ಕಟ್ಟಡಗಳು ಹೆಚ್ಚಾಗಿ 1636ರವು. ಅದರ ಕುದುರೆ ಲಾಯದ ಮೇಲೆ ಮರದಲ್ಲಿ ಕೆತ್ತಿದ ಮೂರು ಕೋತಿಗಳಿವೆ. ಒಂದು ಕಣ್ಣು ಮುಚ್ಚಿದೆ, ಒಂದು ಬಾಯಿ, ಒಂದು ಕಿವಿ. ನಮ್ಮ ಶಾಲೆಯ ಮುಖ್ಯೋಪಾಧ್ಯಾಯರ ಮೇಜಿನ ಮೇಲೆ ಅವುಗಳದೇ ಮಣ್ಣಿನ ಬೊಂಬೆಯಿತ್ತು, ಗಾಂಧೀಜಿಯ ಕೋತಿಗಳೆಂದು. ಕೆಟ್ಟದ್ದನ್ನು ನೋಡಬೇಡ, ಕೇಳಬೇಡ, ಆಡಬೇಡ. ಇದನ್ನೂ ಎಷ್ಟೋ ಬಾರಿ ಪಾಠ ಹೇಳಿದ್ದೇನೆ. ಮೊಮ್ಮಗ ಕಿವಿ ಮುಚ್ಚಿಕೊಂಡು ನಿಂತ. ಫೋಟೋ ತೆಗೆದೆವು.

ಆ ವಾರವೇ ಮೊಮ್ಮಗನ ಶಾಲೆಗೆ ಪಾಲಕರು ಬಂದು ನೋಡಬಹುದಾದ ದಿನವಿತ್ತು. ಅವನಿಗೆ ಏಳು ವರ್ಷ, ವಾರ್ಡಿನ ಸರ್ಕಾರಿ ಶಾಲೆಯಲ್ಲಿ ಎರಡನೆಯ ತರಗತಿ. ಬೆನ್ನಿಗೆ ರಾಂದೊಸೆರು ಎಂಬ ಗಟ್ಟಿ ಚೀಲ ಏರಿಸಿಕೊಂಡು, ನೆರೆಯ ಮಕ್ಕಳೊಂದಿಗೆ ತಾನೇ ನಡೆದು ಹೋಗುತ್ತಾನೆ. ಬಾಗಿಲಲ್ಲಿ ಹೊರಗಿನ ಬೂಟು ಬಿಚ್ಚಿಟ್ಟು ಒಳಗಿನ ಬಿಳಿ ಬೂಟು ಹಾಕಿಕೊಳ್ಳಬೇಕು. ಮಧ್ಯಾಹ್ನ ಮಕ್ಕಳೇ ಬಿಳಿ ನಿಲುವಂಗಿ, ಟೊಪ್ಪಿಗೆ ತೊಟ್ಟು ಸರದಿಯಂತೆ ಊಟ ಬಡಿಸಿದರು. ನಮ್ಮ ಹುಡುಗನ ಪಾಲಿಗೆ ಮನೆಯ ಡಬ್ಬಿಯಿತ್ತು. ಮೀನಿನ ಸಾರಿಲ್ಲದ ಅಡುಗೆ ಅಲ್ಲಿ ಅಪರೂಪ.

ಊಟವಾದ ಮೇಲೆ ಧ್ವನಿವರ್ಧಕದಲ್ಲಿ ಸಂಗೀತ ಕೇಳಿಸಿತು. ಮಕ್ಕಳೆಲ್ಲ ಎದ್ದು, ಮೇಜುಗಳನ್ನು ಹಿಂದಕ್ಕೆ ತಳ್ಳಿದರು. ಒಂದಷ್ಟು ಜನ ಪೊರಕೆ ಹಿಡಿದರು. ಉಳಿದವರು ಮನೆಯಿಂದ ತಂದ, ಹಳೆಯ ಟವೆಲಿನಿಂದ ಹೊಲಿದ ನೆಲ ಒರೆಸುವ ಬಟ್ಟೆಯ ಮೇಲೆ ಎರಡೂ ಅಂಗೈ ಊರಿ, ಬೆನ್ನು ಮೇಲೆತ್ತಿ, ಕೋಣೆಯ ಈ ತುದಿಯಿಂದ ಆ ತುದಿಗೆ ಓಡಿದರು. ಪಂದ್ಯವೋ ಎಂಬಂತೆ ನಗು. ಶಿಕ್ಷಕಿಯೂ ತೋಳು ಮಡಚಿ ಕರಿಹಲಗೆಯ ಕೆಳಗಿನ ಧೂಳು ಒರೆಸುತ್ತಿದ್ದರು. ಹೊರಗೆ ಪಡಸಾಲೆಯಲ್ಲಿ ದೊಡ್ಡ ತರಗತಿಯ ಹುಡುಗಿಯೊಬ್ಬಳು ಪುಟ್ಟ ಹುಡುಗನಿಗೆ ಬಟ್ಟೆ ಹಿಂಡುವುದನ್ನು ಕಲಿಸುತ್ತಿದ್ದಳು. ಹದಿನೈದು ನಿಮಿಷಗಳಲ್ಲಿ ಎಲ್ಲ ಮುಗಿದು ಗಣಿತದ ಪಾಠ ಆರಂಭವಾಯಿತು. ಯಾರೂ ಯಾರನ್ನೂ ಶಿಕ್ಷಿಸುತ್ತಿರಲಿಲ್ಲ. ಅಲ್ಲಿ ಅದು ಮಗ್ಗಿಯಂತೆ ಒಂದು ಕಲಿಕೆ.

ಸಂಜೆ ಮನೆಗೆ ನಡೆದು ಬರುವಾಗ ಮೊಮ್ಮಗ ಕೇಳಿದ: "ತಾತ, ನಿಮ್ಮ ಸ್ಕೂಲಲ್ಲಿ ಯಾರು ಗುಡಿಸ್ತಿದ್ರು?"

"ತಪ್ಪು ಮಾಡಿದೋರು" ಎಂದೆ. "ಲೇಟಾಗಿ ಬಂದೋರು, ಹೋಂವರ್ಕ್ ಮಾಡದೇ ಇದ್ದೋರು."

ಅವನು ಸ್ವಲ್ಪ ದೂರ ಯೋಚಿಸುತ್ತ ನಡೆದ. "ಹಾಗಾದ್ರೆ, ಯಾರೂ ತಪ್ಪು ಮಾಡದೇ ಇದ್ದ ದಿನ ನಿಮ್ಮ ಸ್ಕೂಲು ಗಲೀಜಾಗೇ ಇರ್ತಿತ್ತಾ?"

ಮೂವತ್ತೈದು ವರ್ಷಗಳ ವೃತ್ತಿಯಲ್ಲಿ ಮಕ್ಕಳ ಪ್ರಶ್ನೆಗೆ ನಾನು ನಿರುತ್ತರನಾದದ್ದು ಕಡಿಮೆ. ಆ ದಿನ ಆದೆ.

ಈಗ ಬರೆಯಬೇಕಾದದ್ದನ್ನು ಬರೆಯುತ್ತೇನೆ. 2000ನೆಯ ಇಸವಿ, ಒಂಬತ್ತನೆಯ ತರಗತಿ. ಊರು, ಶಾಲೆಯ ಹೆಸರು ಬೇಡ. ಹುಡುಗನ ಹೆಸರಂತೂ ಖಂಡಿತ ಬೇಡ. ಅವನು ಮತ್ತೊಮ್ಮೆ ನಾಲ್ಕು ಜನರ ಬಾಯಿಗೆ ಬೀಳಬಾರದು. ನಿಮ್ಮಲ್ಲಿ ಆ ತರಗತಿಯಲ್ಲಿದ್ದವರಿಗೆ ಅವನು ಯಾರೆಂದು ತಿಳಿಯುತ್ತದೆ. ಅವನು ವಾರಕ್ಕೆ ಮೂರು ನಾಲ್ಕು ದಿನ ಪ್ರಾರ್ಥನೆ ಮುಗಿದ ಮೇಲೆ ಬರುತ್ತಿದ್ದ. ತಡವಾಗಿ ಬಂದವರು ಪಡಸಾಲೆ ಗುಡಿಸಬೇಕೆಂಬುದು ನಾನೇ ಮಾಡಿದ ನಿಯಮ. ಶಿಸ್ತಿನ ಮೇಷ್ಟ್ರೆಂದು ನನಗೆ ಹೆಸರಿತ್ತು. ಆ ಹೆಸರು ನನಗೆ ಪ್ರಿಯವಾಗಿತ್ತು.

ಅವನ ತಾಯಿ ಪಟ್ಟಣ ಪಂಚಾಯಿತಿಯಲ್ಲಿ ಬೀದಿ ಗುಡಿಸುತ್ತಿದ್ದರು. ಅವರ ಮೈಗೆ ಹುಷಾರಿಲ್ಲದ ದಿನಗಳಲ್ಲಿ ಮಗ ಬೆಳಗಿನ ಜಾವವೇ ಎದ್ದು ಅವರ ಪಾಲಿನ ಬೀದಿಯನ್ನು ಗುಡಿಸಿ, ಸ್ನಾನ ಮಾಡಿ ಶಾಲೆಗೆ ಬರುತ್ತಿದ್ದ. ಇದು ನನಗೆ ಆಗ ತಿಳಿದಿರಲಿಲ್ಲ ಎಂದು ಹೇಳಿ ನುಣುಚಿಕೊಳ್ಳಬಹುದು. ಆದರೆ ನಾನು ಕೇಳಿಯೇ ಇರಲಿಲ್ಲ. ಯಾಕೆ ತಡ ಎಂದು ಗದರಿಸಿದ್ದುಂಟು, ಉತ್ತರಕ್ಕೆ ಕಾದದ್ದಿಲ್ಲ.

ಆ ದಿನ ಅವನ ಕೈಗೆ ಪೊರಕೆ ಕೊಟ್ಟೆ. ಅವನು ಗುಡಿಸತೊಡಗಿದ. ಚೆನ್ನಾಗಿ ಗುಡಿಸುತ್ತಿದ್ದ, ಅಭ್ಯಾಸವಿದ್ದವರ ಹಾಗೆ. ಕಿಟಕಿಯ ಪಕ್ಕದಿಂದ ಯಾರೋ, "ಬಿಡ್ರೋ, ಅದು ಅವರ ಮನೇ ಕೆಲಸ" ಎಂದರು. ತರಗತಿ ನಕ್ಕಿತು. ನನಗೆ ಆ ಮಾತು ಸ್ಪಷ್ಟವಾಗಿ ಕೇಳಿಸಿತು. ಕೇಳಿಸದವನಂತೆ ಕರಿಹಲಗೆಯ ಕಡೆಗೆ ತಿರುಗಿ ದಿನಾಂಕ ಬರೆದೆ. ಅವನು ಗುಡಿಸುವುದನ್ನು ಪೂರ್ತಿ ಮುಗಿಸಿ, ಪೊರಕೆಯನ್ನು ಮೂಲೆಯಲ್ಲಿಟ್ಟು, ಚೀಲ ತೆಗೆದುಕೊಂಡು ಹೊರಟುಹೋದ. ಮತ್ತೆ ಶಾಲೆಗೆ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಗೈರು ಹಾಕುತ್ತ ಹೋದೆ. ನಿಯಮದಂತೆ ಒಂದು ದಿನ ಹೆಸರು ಹೊಡೆದುಹಾಕಿದೆ. ಅವನ ಮನೆ ನನ್ನ ದಾರಿಯಲ್ಲೇ ಇತ್ತು. ಒಮ್ಮೆಯೂ ಸ್ಕೂಟರು ನಿಲ್ಲಿಸಲಿಲ್ಲ.

ಇದನ್ನು ಇಪ್ಪತ್ತನಾಲ್ಕು ವರ್ಷ ಯಾರಿಗೂ ಹೇಳಿರಲಿಲ್ಲ. ಶಾಲೆ ನೋಡಿದ ಮೂರು ದಿನಗಳ ಮೇಲೆ ನಾವೆಲ್ಲ ಕ್ಯೋಟೋಗೆ ಹೊರಟಾಗ, ಗಾಡಿಯಲ್ಲಿ ಮಗನಿಗೆ ಹೇಳಿದೆ. ಟೋಕಿಯೋದಿಂದ ಅಲ್ಲಿಗೆ ಎರಡೂಕಾಲು ಗಂಟೆಯ ಹಾದಿ. ಅವನಿಗೆ ಹೇಳಲು ಕಾರಣವಿತ್ತು: ಅವನೂ ಅದೇ ತರಗತಿಯಲ್ಲಿದ್ದ.

ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಪ್ಪ, ಅವತ್ತು ನಾನೂ ನಕ್ಕಿದ್ದೆ" ಎಂದ. "ನಾನು ಒಂದು ದಿನಾನೂ ಲೇಟಾಗಿರ್ಲಿಲ್ಲ. ನಿಮ್ಮ ಸ್ಕೂಟರಲ್ಲಿ ಬರ್ತಿದ್ನಲ್ಲ."

ಆ ಮಾತಿನಲ್ಲಿ ಆಪಾದನೆಯಿರಲಿಲ್ಲ. ಆದರೂ ನನ್ನ ಶಿಸ್ತಿನ ಲೆಕ್ಕವೆಲ್ಲ ಅಲ್ಲಿಗೆ ತಲೆಕೆಳಗಾಯಿತು. ಸ್ಕೂಟರಿದ್ದವನ ಮಗ ಶಿಸ್ತಿನವನು. ಊರು ಗುಡಿಸಿ ನಡೆದು ಬಂದವನು ತಪ್ಪಿತಸ್ಥ. ನಮ್ಮ ಮನೆಯವರು ಎದುರಿನ ಸೀಟಿನಲ್ಲಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. "ಆ ಹುಡುಗನ ತಾಯಿ ನಮ್ಮ ಬೀದೀನೂ ಗುಡಿಸ್ತಿದ್ರು. ನೀರು ಕೇಳಿದ್ರೆ ನಾನು ದೂರದಿಂದ ಸುರೀತಿದ್ದೆ" ಎಂದು ಮಾತ್ರ ಹೇಳಿದರು.

ಆಗ ಮಗ, "ಇಲ್ಲೂ ಎಲ್ಲ ಚೆನ್ನಾಗೇ ಇತ್ತು ಅನ್ಕೋಬೇಡಿ" ಎಂದು ಒಂದು ಸಂಗತಿ ತಿಳಿಸಿದ. ಜಪಾನಿನಲ್ಲಿಯೂ ಪ್ರಾಣಿವಧೆ, ಚರ್ಮದ ಕೆಲಸ ಮೊದಲಾದವನ್ನು ಮೈಲಿಗೆಯ ಕಸುಬುಗಳೆಂದು ಎಣಿಸಿ, ಅವುಗಳನ್ನು ಮಾಡುವವರನ್ನು ತಲೆತಲಾಂತರ ಊರಾಚೆ ಇಟ್ಟಿದ್ದರು. 1871ರಲ್ಲಿ ಸರ್ಕಾರದ ಆಜ್ಞೆ ಆ ಭೇದವನ್ನು ರದ್ದುಮಾಡಿತು. ಜನರ ಮನಸ್ಸು ರದ್ದುಮಾಡಲಿಲ್ಲ. 1922ರಲ್ಲಿ ಅವರೇ ನಾವು ಹೋಗುತ್ತಿದ್ದ ಕ್ಯೋಟೋದಲ್ಲಿ ಸೇರಿ ಸುಯಿಹೇಯ್‌ಶಾ ಎಂಬ ಸಮಾನತೆಯ ಸಂಘ ಕಟ್ಟಿಕೊಂಡರು. ನಮ್ಮ ಮಹಾಡ್ ಕೆರೆಯ ಸತ್ಯಾಗ್ರಹಕ್ಕೆ ಐದು ವರ್ಷ ಮೊದಲು! ಮದುವೆ, ನೌಕರಿಗಳಲ್ಲಿ ಉಳಿದುಬಂದ ತಾರತಮ್ಯಕ್ಕಾಗಿ 2016ರಲ್ಲಿಯೂ ಒಂದು ಕಾನೂನು ಬೇಕಾಯಿತಂತೆ. ಅಷ್ಟು ವರ್ಷ ಜಪಾನಿನ ಪಾಠ ಹೇಳಿದ ನನಗೆ ಇದು ಗೊತ್ತಿರಲಿಲ್ಲ.

ಕಿಸೆಯಲ್ಲಿದ್ದ ಐದು ಸಾವಿರ ಯೆನ್ ನೋಟು ತೆಗೆದು ನೋಡಿದೆ. 2024ರ ಜುಲೈಯಲ್ಲಿ ಹೊರಬಂದ ಹೊಸ ನೋಟು. ಅದರ ಮೇಲೆ ತ್ಸುದಾ ಉಮೆಕೋ ಎಂಬ ಶಿಕ್ಷಕಿಯ ಚಿತ್ರ. ಆರು ವರ್ಷದ ಬಾಲಕಿಯಾಗಿದ್ದಾಗ ಸರ್ಕಾರ ಅವಳನ್ನು ಓದಲೆಂದು ಅಮೆರಿಕಕ್ಕೆ ಹಡಗಿನಲ್ಲಿ ಕಳುಹಿಸಿತು, ಅದೇ 1871ರಲ್ಲಿ. ಮರಳಿ ಬಂದವಳು 1900ರಲ್ಲಿ ಹೆಣ್ಣುಮಕ್ಕಳಿಗಾಗಿ ಶಾಲೆ ತೆರೆದಳು. ಒಂದು ಮಗುವನ್ನು ಶಾಲೆಗೆ ಸೇರಿಸಲು ದೇಶವೊಂದು ಸಮುದ್ರವನ್ನೇ ದಾಟಿಸಿತು. ನಾನು ಒಂದು ಮಗುವನ್ನು ಶಾಲೆಗೆ ಮರಳಿ ಕರೆಯಲು ಸ್ಕೂಟರಿನಿಂದ ಕಾಲು ಕೆಳಗಿಡಲಿಲ್ಲ.

ಕ್ಯೋಟೋ ಬಹಳ ಸುಂದರವಾದ ಊರು. ಕೆಂಪಗೆ ಹಣ್ಣಾದ ಮೇಪಲ್ ಎಲೆಗಳ ನಡುವೆ ಬಂಗಾರದ ಗುಡಿ ಕಿಂಕಾಕುಜಿಯನ್ನು ನೋಡಿದೆವು. ಅದನ್ನು 1950ರಲ್ಲಿ ತರುಣ ಸನ್ಯಾಸಿಯೊಬ್ಬ ಸುಟ್ಟುಹಾಕಿದ. 1955ರಲ್ಲಿ ಮತ್ತೆ ಕಟ್ಟಿದರು. ಸುಟ್ಟದ್ದನ್ನು ಮತ್ತೆ ಕಟ್ಟುವ ಜನ. ಗುಡಿಯನ್ನು ಹಾಗೆ ಕಟ್ಟಬಹುದು. ಒಬ್ಬ ಹುಡುಗನ ಒಂಬತ್ತನೆಯ ತರಗತಿಯನ್ನು ಮತ್ತೆ ಕಟ್ಟಲಾಗುವುದಿಲ್ಲ.

ಊರಿಗೆ ಮರಳಿದ ಮೇಲೆ ವಿಚಾರಿಸಿದೆ. ಅವನ ತಾಯಿ ತೀರಿಕೊಂಡು ಬಹಳ ವರ್ಷಗಳಾಗಿವೆ. ಅವನು ಬೆಂಗಳೂರಿನಲ್ಲಿ ವಾಹನ ಚಾಲಕನಾಗಿದ್ದಾನೆ. ಹಳೆಯ ವಿದ್ಯಾರ್ಥಿಯೊಬ್ಬರಿಂದ ದೂರವಾಣಿ ಸಂಖ್ಯೆ ದೊರೆಯಿತು. ಅದನ್ನು ದಿನಚರಿಯಲ್ಲಿ ಬರೆದಿಟ್ಟು ಮೂರು ವಾರ ಸುಮ್ಮನಿದ್ದೆ. ಕೊನೆಗೊಂದು ಭಾನುವಾರ ಕರೆ ಮಾಡಿ ಹೆಸರು ಹೇಳಿದೆ. ಆ ದಿನದ ಮಾತನ್ನೂ ಹೇಳಿದೆ. ನನಗೆ ಕೇಳಿಸಿತ್ತು, ಕೇಳಿಸದವನಂತೆ ನಟಿಸಿದೆ, ತಪ್ಪು ನನ್ನದು ಎಂದೆ. ಆ ಕಡೆಯಿಂದ ಗಾಡಿಗಳ ಸದ್ದು ಕೇಳುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ, "ಈಗ ಡ್ಯೂಟೀಲಿದೀನಿ ಸಾರ್. ಆಮೇಲೆ ಮಾಡ್ತೀನಿ" ಎಂದ.

ಅವನು ಮತ್ತೆ ಕರೆ ಮಾಡಿಲ್ಲ. ಮಾಡಬೇಕೆಂಬ ಋಣವೂ ಅವನಿಗಿಲ್ಲ.

ನನ್ನ ಶಿಷ್ಯರಲ್ಲಿ ಹಲವರು ಈಗ ಶಿಕ್ಷಕರಾಗಿದ್ದೀರಿ. ನಿಮ್ಮಲ್ಲಿ ಒಂದೇ ವಿನಂತಿ. ಮಕ್ಕಳ ಕೈಗೆ ಪೊರಕೆ ಕೊಡುವುದಾದರೆ ಎಲ್ಲ ಮಕ್ಕಳಿಗೂ ಸರದಿಯಂತೆ ಕೊಡಿ, ಮೊದಲ ಸರದಿ ನಿಮ್ಮದಾಗಲಿ. ಅದನ್ನು ಶಿಕ್ಷೆಯಾಗಿ ಮಾತ್ರ ಕೊಡಬೇಡಿ. ಶಿಕ್ಷೆಯಾಗಿ ಕೊಟ್ಟ ದಿನ, ಅದನ್ನೇ ಹಿಡಿದು ಹೊಟ್ಟೆ ಹೊರೆಯುವವರ ಬದುಕೆಲ್ಲ ಶಿಕ್ಷೆಯೆಂದು ನಾವು ಪಾಠ ಹೇಳಿದಂತಾಗುತ್ತದೆ. ಕಿವಿ ಮುಚ್ಚಿದ ಕೋತಿಯ ಪಾಠವನ್ನೂ ನೀವು ನನ್ನಿಂದಲೇ ಕಲಿತಿದ್ದೀರಿ. ಅದನ್ನು ಇವತ್ತು ತಿದ್ದಿಕೊಳ್ಳಿ: ತರಗತಿಯಲ್ಲಿ ಕೆಟ್ಟ ಮಾತು ಬಂದಾಗ ಮೇಷ್ಟ್ರು ಕೇಳಿಸಿಕೊಳ್ಳಬೇಕು.

ಮೊಮ್ಮಗ ಕಳೆದ ವಾರ ವಿಡಿಯೋ ಕರೆಯಲ್ಲಿ, "ತಾತ, ಈ ಸಲ ನನಗೆ ಮೆಟ್ಟಿಲು ಒರೆಸೋ ಸರದಿ" ಎಂದು ಹೆಮ್ಮೆಯಿಂದ ಹೇಳಿಕೊಂಡ. ಕೇಳುತ್ತಿದ್ದಾಗಲೇ ಫೋನಿನಲ್ಲಿ ಇನ್ನೊಂದು ಕರೆ ಬಂದ ಸದ್ದಾಯಿತು. ಆತುರದಿಂದ ನೋಡಿದೆ. ಯಾವುದೋ ಬ್ಯಾಂಕಿನವರು.